ನನ್ನ ಮುಖ ನೋಡಿ ಬರೆದ ಅಂಕಿಗಳು

ಮಗಳಿಗೆ ಸಕ್ಕರೆ ಕಾಯಿಲೆ ಬಂದಾಗ ಅವಳಿಗೆ ಹತ್ತು ವರ್ಷ. ತೊಂಬತ್ತರ ದಶಕದ ನಡುಗಾಲ ಅದು. ನಾವು ಧಾರವಾಡದಿಂದ ಲಂಡನ್ನಿಗೆ ಬಂದು ಗ್ರೀನ್‌ಫರ್ಡ್‌ನಲ್ಲಿ ಮನೆ ಮಾಡಿ ಆರು ವರ್ಷವಾಗಿತ್ತು. ಗಂಡ ಹೇಸ್‌ನಲ್ಲಿ, ವಿಮಾನದ ಸರಕು ಸಾಗಿಸುವ ಒಂದು ಆಫೀಸಿನಲ್ಲಿದ್ದರು. ನಾನು ಕೌನ್ಸಿಲ್ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದ್ದೆ. ಒಬ್ಬಳೇ ಮಗಳು. ಆ ಜೂನ್ ತಿಂಗಳಲ್ಲಿ ಅವಳು ನೀರು ಕುಡಿದದ್ದೇ ಕುಡಿದದ್ದು. ಬಿಸಿಲಿಗೆ ಅಂದುಕೊಂಡೆ. ಧಾರವಾಡದಲ್ಲಿ ಹುಟ್ಟಿ ಬೆಳೆದ ನನಗೆ ಲಂಡನ್ನಿನ ಜೂನ್ ತಿಂಗಳು ಅದು ಹೇಗೆ ಬಿಸಿಲಾಗಿ ಕಂಡಿತೋ ಗೊತ್ತಿಲ್ಲ. ಯೂನಿಫಾರ್ಮಿನ ಸ್ಕರ್ಟು ಸೊಂಟದಲ್ಲಿ ನಿಲ್ಲದೆ ಜಾರತೊಡಗಿದಾಗ ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬೆರಳು ಚುಚ್ಚಿ ನೋಡಿ, ಮನೆಗೆ ಹೋಗಬೇಡಿ, ಇಲ್ಲಿಂದ ಸೀದಾ ಆಸ್ಪತ್ರೆಗೆ ಹೋಗಿ ಅಂದರು.

ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದೆವು. ಮಕ್ಕಳ ವಾರ್ಡಿಗೆ ಬರುತ್ತಿದ್ದ ಡಯಾಬಿಟಿಸ್ ನರ್ಸ್ ಐರ್ಲೆಂಡಿನ ಕಡೆಯವರು, ನರೆತ ಕೂದಲಿನ, ದೊಡ್ಡ ಕೈಗಳ ಹೆಂಗಸು. ನನಗೆ ಇಂಜೆಕ್ಷನ್ ಕೊಡುವುದನ್ನು ಕಲಿಸಲು ಒಂದು ಕಿತ್ತಳೆ ಹಣ್ಣು ತಂದಿದ್ದರು. ಹಣ್ಣಿಗೆ ಚುಚ್ಚಲೂ ಆಗದೆ ಸೂಜಿಯನ್ನು ಮತ್ತೆ ತಟ್ಟೆಯಲ್ಲಿಟ್ಟೆ. ಮಂಚದ ಮೇಲೆ ಕೂತು ನೋಡುತ್ತಿದ್ದ ಮಗಳು, "ಅವ್ವಾ, ಇಲ್ಲೆ ಕೊಡು, ನಾನ ಮಾಡ್ಕೋತೀನಿ" ಅಂದಳು. ನರ್ಸ್ ತೋರಿಸಿದ ಹಾಗೆ ತೊಡೆಯ ಚರ್ಮವನ್ನು ಚಿವುಟಿ ಹಿಡಿದು ತಾನೇ ಚುಚ್ಚಿಕೊಂಡಳು. ಆ ಹೊತ್ತಿಗೇ ನಾನು ಅವಳ ಬಗ್ಗೆ ಏನನ್ನೋ ತಿಳಿಯಬೇಕಿತ್ತು. ತಿಳಿಯಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಆ ಸಣ್ಣ ತೊಡೆ ಮಾತ್ರ.

ಮನೆಗೆ ಬರುವಾಗ ಹೇಳಿಕಳಿಸಿದ್ದು ಇಷ್ಟು. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ರಕ್ತದಲ್ಲಿನ ಸಕ್ಕರೆ ನೋಡಬೇಕು, ಮೀಟರು ತೋರಿಸಿದ ಅಂಕಿಯನ್ನು ಡೈರಿಯಲ್ಲಿ ಬರೆಯಬೇಕು, ಊಟಕ್ಕೆ ತಕ್ಕಂತೆ ಇನ್ಸುಲಿನ್ ತೆಗೆದುಕೊಳ್ಳಬೇಕು. ಇಲ್ಲಿನ ಅಳತೆ ಬೇರೆ, ನಮ್ಮೂರಿನ ನೂರು ಅಂದರೆ ಇಲ್ಲಿ ಐದೂವರೆ; ಅಂಕಿ ನಾಲ್ಕರಿಂದ ಎಂಟರ ನಡುವೆ ಇದ್ದರೆ ನಿಶ್ಚಿಂತೆ. ಬಹಳ ಇಳಿದರೆ ಕೈಕಾಲು ನಡುಗಿ, ಬೆವತು, ಪ್ರಜ್ಞೆ ತಪ್ಪಬಹುದು. ಕೂಡಲೇ ಗ್ಲುಕೋಸ್ ಗುಳಿಗೆ ತಿನ್ನಬೇಕು. ವರ್ಷಗಟ್ಟಲೆ ಮೇಲೆಯೇ ಇದ್ದರೆ ಕಣ್ಣು, ಮೂತ್ರಪಿಂಡ, ಕಾಲಿನ ನರ ಕೆಡಬಹುದು. ನರ್ಸ್ ಇದನ್ನೆಲ್ಲ ಮೆಲ್ಲಗೆ, ಹೆದರಿಸದೆ ಹೇಳಿದರು. ಹೆದರಿಸುವ ಕೆಲಸ ನನ್ನ ಲೈಬ್ರರಿ ಮಾಡಿತು. ಆ ಕಾಯಿಲೆಯ ಬಗ್ಗೆ ನಮ್ಮ ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿದೆ. ಬೇರೆ ಶಾಖೆಗಳಿಂದಲೂ ತರಿಸಿದೆ. ಕೊನೆಯ ಅಧ್ಯಾಯಗಳನ್ನೇ ಮೊದಲು ಓದುತ್ತಿದ್ದೆ. ಅಲ್ಲಿ ಕುರುಡಾದವರ, ಕಾಲು ಕಳೆದುಕೊಂಡವರ ಚಿತ್ರಗಳಿರುತ್ತಿದ್ದವು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಸೇರಿಕೊಂಡಿತು. "ಎಷ್ಟೈತಿ?" ಮಗಳು ಬೆಳಿಗ್ಗೆ ಮೆಟ್ಟಿಲಿಳಿದು ಬಂದರೆ ಎಷ್ಟೈತಿ. ಶಾಲೆಯಿಂದ ಬಂದು ಶೂ ಬಿಚ್ಚುವುದರೊಳಗೆ ಎಷ್ಟೈತಿ. ಹಸಿವಾಗಿದೆಯಾ, ಇವತ್ತು ಏನಾಯಿತು, ಯಾರ ಜೊತೆ ಆಡಿದೆ ಎಂದು ಕೇಳುತ್ತಿದ್ದ ಬಾಯಿಗೆ ಬೇರೆ ಮಾತೇ ಬರದಂತಾಯಿತು. ಅವಳು ಸೆಕೆಂಡರಿ ಶಾಲೆಗೆ ಸೇರಿದ ಮೇಲೆ ಇನ್ನೂ ಕಷ್ಟವಾಯಿತು. ಶಾಲೆ ಲೈಬ್ರರಿಯಿಂದ ಹತ್ತು ನಿಮಿಷದ ದಾರಿ. ನನ್ನ ಊಟದ ಬಿಡುವಿನಲ್ಲಿ ಹೋಗಿ ಕಬ್ಬಿಣದ ಬೇಲಿಯ ಹೊರಗೆ ನಿಂತು ಅವಳು ಕಾಣುತ್ತಾಳಾ ಎಂದು ನೋಡುತ್ತಿದ್ದೆ. ಒಂದು ದಿನ ಅವಳೇ ಬೇಲಿಯ ಹತ್ತಿರ ಬಂದು, ತುಟಿ ಅಲುಗದ ಹಾಗೆ, "ಅವ್ವಾ, ಪ್ಲೀಸ್, ಗೋ ಹೋಮ್" ಅಂದಳು. ನಾನು ಹೋದೆ. ಮರುದಿನದಿಂದ ಬಸ್‌ಸ್ಟಾಪಿನ ಹಿಂದೆ ನಿಂತೆ.

ಇನ್ನೊಂದು ತಪ್ಪನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಈ ವಿಷಯ ನಮ್ಮವರಿಗೆ ಯಾರಿಗೂ ಗೊತ್ತಾಗಬಾರದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಕನ್ನಡದವರು ಸೇರಿದಲ್ಲಿ ಇಂಜೆಕ್ಷನ್ ಹೊತ್ತಾದರೆ ಮಗಳನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕುತ್ತಿದ್ದೆ. ನಾಳೆ ಮದುವೆಯ ಮಾತು ಬಂದಾಗ ಅಡ್ಡಿಯಾಗಬಾರದು ಎಂಬುದು ನನ್ನ ಲೆಕ್ಕಾಚಾರ. ಹುಡುಗಿಗೆ ಆಗ ಹನ್ನೆರಡು ವರ್ಷ!

ಡೈರಿ ಬರೆಯುವ ಕೆಲಸ ಮಾತ್ರ ಅವಳದೇ ಆಗಿತ್ತು. ಪ್ರತಿ ಭಾನುವಾರ ನಾನು ತೆಗೆದು ನೋಡುತ್ತಿದ್ದೆ. ಅವಳಿಗೆ ಹದಿನಾಲ್ಕು ತುಂಬಿದ ವರ್ಷ ಆ ಡೈರಿಯಷ್ಟು ಚಂದದ ಪುಸ್ತಕ ನಮ್ಮ ಮನೆಯಲ್ಲಿ ಇನ್ನೊಂದಿರಲಿಲ್ಲ. ಐದು, ಆರು, ಏಳು, ಆರು. ಯಾವಾಗಲೋ ಒಮ್ಮೆ ಒಂಬತ್ತು. ನನ್ನ ಕಾವಲಿಗೆ ಫಲ ಸಿಕ್ಕಿತೆಂದು ಬೀಗಿದೆ. ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದ ಕ್ಲಿನಿಕ್ಕಿಗೆ ಆ ಸಲ ಹೋಗುವಾಗ, ಶಾಲೆಯ ಪ್ರಗತಿಪತ್ರ ಹಿಡಿದುಕೊಂಡಂತೆ ಡೈರಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ.

ನರ್ಸ್ ಡೈರಿಯ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಆಮೇಲೆ ರಕ್ತಪರೀಕ್ಷೆಯ ಕಾಗದ ನೋಡಿದರು. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಪರೀಕ್ಷೆ ಅದು. ನನ್ನತ್ತ ತಿರುಗಿ, "ನೀವೊಂದು ಹತ್ತು ನಿಮಿಷ ಹೊರಗೆ ಕೂತಿರುತ್ತೀರಾ?" ಎಂದರು.

ಹೊರಗೆ ಮೀನಿನ ತೊಟ್ಟಿಯೊಂದಿತ್ತು. ಅದರ ಮುಂದೆ ಕೂತೆ. ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಮತ್ತೆ ಒಳಗೆ ಕರೆದಾಗ ಮಗಳು ತಲೆ ತಗ್ಗಿಸಿ ಕೂತಿದ್ದಳು. ಮೂಗು ಕೆಂಪಾಗಿತ್ತು.

"ಇಪ್ಪತ್ತು ವರ್ಷದಿಂದ ಈ ಡೈರಿಗಳನ್ನು ನೋಡುತ್ತಿದ್ದೇನೆ," ಎಂದರು ನರ್ಸ್. "ದಿನಾ ಬೆರಳು ಚುಚ್ಚಿಕೊಂಡು ಬರೆಯುವ ಮಕ್ಕಳ ಡೈರಿ ಗಲೀಜಾಗಿರುತ್ತದೆ. ರಕ್ತದ ಕಲೆ, ಜಾಮಿನ ಕಲೆ, ಬೇರೆ ಬೇರೆ ಪೆನ್ನು. ಇದರಲ್ಲಿ ಒಂದು ಹನಿ ಕಲೆಯೂ ಇಲ್ಲ. ಮೂರು ತಿಂಗಳನ್ನು ಒಂದೇ ಪೆನ್ನಿನಲ್ಲಿ ಬರೆದಿದ್ದಾಳೆ."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಂಕಿಗಳೆಲ್ಲ ಸುಳ್ಳು. ರಕ್ತಪರೀಕ್ಷೆಯ ಪ್ರಕಾರ ಅವಳ ಸಕ್ಕರೆ ತಿಂಗಳುಗಟ್ಟಲೆ ಹನ್ನೆರಡು, ಹದಿಮೂರರ ಆಸುಪಾಸಿನಲ್ಲೇ ಇತ್ತು.

ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಅಕ್ಕಪಕ್ಕ ಕೂತು ಮನೆಗೆ ಬಂದೆವು. ಅಡುಗೆಮನೆಗೆ ಬಂದವಳೇ, ಕೋಟು ಕೂಡ ಬಿಚ್ಚದೆ, ಕೇಳಿದೆ. "ಯಾಕ ಹಿಂಗ ಮಾಡಿದಿ? ನನಗ ಸುಳ್ಳ ಹೇಳೂ ಅಂಥಾದ್ದು ಏನಾಗಿತ್ತು?"

ಅವಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅಂದು ಕನ್ನಡದಲ್ಲಿ ಹೇಳಿದಳು, ನನಗೆ ನಾಟಲೆಂದೇ ಇರಬೇಕು.

"ನಂಬರ್ ಹೇಳಿದ ಕೂಡ್ಲೆ ನಿನ್ನ ಮುಖ ಹೆಂಗಾಗತೈತಿ ಗೊತ್ತೇನು ನಿನಗ? ಹನ್ನೆರಡು ಅಂದ್ರ ನೀ ಊಟಾನೂ ಮಾಡಂಗಿಲ್ಲ. ಅಪ್ಪನ ಜೋಡಿ ಮಾತಾಡಂಗಿಲ್ಲ. ಆರು ಅಂದ್ರ ನಗತೀ. ಅದಕ್ಕ ಆರು ಅಂತ ಬರದೆ."

ಅಷ್ಟು ಹೇಳಿ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಕುರ್ಚಿ ಎಳೆದುಕೊಂಡು ಕೂತೆ. ಗಂಡ ಕೆಲಸದಿಂದ ಬಂದಾಗಲೂ ಹಾಗೇ ಕೂತಿದ್ದೆ. ನಡೆದದ್ದನ್ನೆಲ್ಲ ಕೇಳಿದ ಅವರು ಚಹಾಕ್ಕೆ ನೀರಿಟ್ಟು, ನನ್ನ ಕಡೆ ಬೆನ್ನು ಮಾಡಿಕೊಂಡೇ ಹೇಳಿದರು. "ನೋಡು, ಸಿಟ್ಟಾಗಬ್ಯಾಡ. ನಾನೂ ಒಂದು ವರ್ಷದಿಂದ ಬಿಪಿ ಗುಳಗಿ ತಗೋಳಾಕತ್ತೀನಿ. ಆಫೀಸಿನ್ಯಾಗ ಡ್ರಾವರಿನ್ಯಾಗ ಇಟ್ಟೀನಿ. ನಿನಗ ಹೇಳಿದ್ದಿಲ್ಲ."

"ಯಾಕ್ರೀ?" ಅಂದೆ.

"ಅದs, ನಿನ್ನ ಮುಖ."

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ನನ್ನನ್ನು ಪ್ರೀತಿಸುವ ಇಬ್ಬರೂ ನನ್ನಿಂದ ಬಚ್ಚಿಡುತ್ತಿದ್ದರು. ಮಗಳ ಮೈಯನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದ ನನ್ನನ್ನು ಆ ಹುಡುಗಿ ಕಾಯುತ್ತಿದ್ದಳು, ತನ್ನ ಮೈಯನ್ನು ಕಡೆಗಣಿಸಿ. ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಮುಂದಿನ ವಾರ ಒಬ್ಬಳೇ ಹೋಗಿ ನರ್ಸನ್ನು ಕಂಡೆ. ಏನು ಮಾಡಬೇಕೆಂದು ನೇರವಾಗಿ ಕೇಳಿದೆ. ಅವರು ನನಗೆ ಬೋಧನೆ ಮಾಡಲಿಲ್ಲ. "ಒಳ್ಳೆಯ ಅಂಕಿ, ಕೆಟ್ಟ ಅಂಕಿ ಅನ್ನುವುದನ್ನು ಬಿಡಿ. ಹೆಚ್ಚು, ಕಡಿಮೆ, ಅಷ್ಟೇ. ಅವಳು ಹೇಳಿದಾಗ ಥ್ಯಾಂಕ್ಯೂ ಅನ್ನಿ. ಆಮೇಲೆ ಹತ್ತು ನಿಮಿಷ ಏನೂ ಮಾತಾಡಬೇಡಿ. ಆಲೂಗಡ್ಡೆ ಸಿಪ್ಪೆ ತೆಗೆಯಿರಿ," ಎಂದರು. ಇನ್ನು ಮುಂದೆ ಮಗಳು ಮೊದಲು ಒಬ್ಬಳೇ ಒಳಗೆ ಬರಲಿ, ಕೊನೆಯ ಐದು ನಿಮಿಷಕ್ಕೆ ನಾನು ಬಂದರೆ ಸಾಕು ಎಂದೂ ಹೇಳಿದರು.

ಮುಖವನ್ನು ಹದ್ದುಬಸ್ತಿನಲ್ಲಿಡುವುದನ್ನು ನಾನು ಅಭ್ಯಾಸ ಮಾಡಿ ಕಲಿತೆ ಅಂದರೆ ಯಾರೂ ನಂಬುವುದಿಲ್ಲ. ಗಂಡ ನನ್ನ ಗುರು. ನಾನು ಪಾತ್ರೆ ತೊಳೆಯುತ್ತಿರುವಾಗ ಇದ್ದಕ್ಕಿದ್ದಂತೆ ಬಾಗಿಲಲ್ಲಿ ನಿಂತು "ಹದಿನೇಳು!" ಎಂದು ಕೂಗುತ್ತಿದ್ದರು. ನಾನು ತಿರುಗಿ ಥ್ಯಾಂಕ್ಯೂ ಅನ್ನಬೇಕು. "ಹುಬ್ಬು, ಹುಬ್ಬು," ಎಂದು ತಿದ್ದುತ್ತಿದ್ದರು. "ಬಾಯಿ ಬರೋಬರಿ ಐತಿ, ಹುಬ್ಬು ಮ್ಯಾಲ ಹೋತು." ಒಂದು ಸಂಜೆ ಮಗಳು ಮೆಟ್ಟಿಲ ಮೇಲಿಂದ ಇದನ್ನು ಕಂಡು ಅಲ್ಲೇ ಕೂತು ಬಿದ್ದು ಬಿದ್ದು ನಕ್ಕಳು. ಕ್ಲಿನಿಕ್ಕಿನಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ನಮ್ಮಿಬ್ಬರ ಒಪ್ಪಂದ ಹೀಗಾಯಿತು. ಮೀಟರು, ಡೈರಿ ಎರಡೂ ಅವಳವು. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಆ ವಾರದ್ದನ್ನು ತಾನೇ ಹೇಳುತ್ತಾಳೆ. ಉಳಿದ ದಿನ ನಾನು ಕೇಳುವುದಿಲ್ಲ. ಸಹಾಯ ಬೇಕಾದರೆ ಅವಳೇ ಕೇಳುತ್ತಾಳೆ. ಮೊದಲ ಸೋಮವಾರವೇ ನನ್ನಿಂದ ಆಗಲಿಲ್ಲ. "ಮಧ್ಯಾಹ್ನ ಏನ ತಿಂದಿ?" ಎಂದೆ. ಅವಳು ಶೂ ಬಿಚ್ಚುತ್ತಾ ನನ್ನನ್ನು ನೋಡಿ, "ಅದೂ ಅದs ಕ್ವೆಶ್ಚನ್ ಅವ್ವಾ, ಬೇರೆ ಅಂಗಿ ಹಾಕ್ಕೊಂಡು ಬಂದೈತಿ," ಅಂದಳು. ಹಲವು ಸಲ ಸೋತೆ. ಒಮ್ಮೆ ಅವಳು ಸ್ನಾನಕ್ಕೆ ಹೋದಾಗ ಚೀಲ ತೆಗೆದು ಮೀಟರಿನ ಗುಂಡಿ ಒತ್ತಿ ನೋಡಿಯೂಬಿಟ್ಟೆ. ನಾಚಿಕೆಯಾಗಿ ನಾನೇ ಹೇಳಿಕೊಂಡೆ. ಅವಳು ಒಂದಿಡೀ ದಿನ ನನ್ನೊಡನೆ ಮಾತಾಡಲಿಲ್ಲ. ಅಂಕಿಗಳು ಕೂಡಲೇ ಏನೂ ಇಳಿಯಲಿಲ್ಲ. ಆರು ತಿಂಗಳಿಗೆ ಸ್ವಲ್ಪ ಇಳಿದವು, ಒಮ್ಮೆ ಮತ್ತೆ ಏರಿದವು, ಆಮೇಲೆ ನಿಧಾನವಾಗಿ ಹತೋಟಿಗೆ ಬಂದವು. ಡೈರಿ ಮಾತ್ರ ಗಲೀಜಾಗುತ್ತಾ ಹೋಯಿತು.

ಅವಳಿಗೆ ಹದಿನೈದಾದ ಯುಗಾದಿಗೆ ಕನ್ನಡದವರೆಲ್ಲ ಸ್ಟ್ಯಾನ್‌ಮೋರ್ ಹತ್ತಿರ ಒಂದು ಶಾಲೆಯ ಹಾಲ್ ಹಿಡಿದಿದ್ದರು. ಊಟಕ್ಕೆ ಉದ್ದನೆಯ ಮೇಜುಗಳ ಮುಂದೆ ಕೂತೆವು. ತಟ್ಟೆಗೆ ಹೋಳಿಗೆ ಬಿತ್ತು. ರೂಢಿಯಂತೆ ನಾನು ಎದ್ದು ಟಾಯ್ಲೆಟ್ ಕಡೆ ಕಣ್ಣು ಮಾಡಿದೆ. ಮಗಳು ಏಳಲಿಲ್ಲ. ಚೀಲದಿಂದ ಇನ್ಸುಲಿನ್ ಪೆನ್ನು ತೆಗೆದು, ಹೋಳಿಗೆಯನ್ನು ಒಮ್ಮೆ ನೋಡಿ, ಪೆನ್ನಿನ ಕೊನೆಯನ್ನು ತಿರುಗಿಸಿ ಅಳತೆ ಹೊಂದಿಸಿ, ಕುರ್ತಾ ಅಂಚು ಸ್ವಲ್ಪ ಎತ್ತಿ ಹೊಟ್ಟೆಗೆ ಚುಚ್ಚಿಕೊಂಡಳು. ಎದುರಿಗೆ ಕೂತಿದ್ದ ಬೆಂಗಳೂರಿನ ಹೆಂಗಸೊಬ್ಬರ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

"ಅಯ್ಯೋ, ಏನ್ರೀ ಇದು, ಇಷ್ಟು ಚಿಕ್ಕ ಹುಡುಗಿಗೆ ಶುಗರ್ರಾ? ಮತ್ತೆ ಹೋಳಿಗೆ ಹಾಕ್ಸಿದ್ದೀರಲ್ಲ!" ಎಂದು ನನ್ನನ್ನು ಕೇಳಿದರು.

ಉತ್ತರ ಕೊಟ್ಟವಳು ಮಗಳು. "ಆಂಟಿ, ನಾ ಹೋಳಿಗಿ ತಿನ್ನಬಹುದ್ರೀ. ಎಷ್ಟು ತಿಂತೀನಿ ಅಂತ ಗೊತ್ತಿದ್ರ ಸಾಕು, ಅಷ್ಟಕ್ಕ ಇನ್ಸುಲಿನ್ ತಗೋತೀನಿ. ನನ್ನ ಬಾಡಿ ಅದನ್ನ ಮಾಡಂಗಿಲ್ಲ, ಅದಕ್ಕ ಹೊರಗಿಂದ ಹಾಕ್ಕೋಬೇಕು. ಅಷ್ಟ." ಹೇಳಿ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದಳು.

"ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಮ್ಮ!" ಎಂದರು ಅವರು. ಕಾಯಿಲೆಯ ಮಾತು ಅಲ್ಲಿಗೇ ಮುಗಿದು, ನಮ್ಮ ಕಡೆಯ ಕನ್ನಡದ ಮಾತು ಶುರುವಾಯಿತು. ನಾಲ್ಕೈದು ವರ್ಷ ನಾನು ಬಾಗಿಲು ಹಾಕಿ ಕಾಪಾಡಿದ್ದ ಗುಟ್ಟು ಒಂದು ಹೋಳಿಗೆ ತಿನ್ನುವಷ್ಟು ಹೊತ್ತಿನಲ್ಲಿ ಹೊರಬಿದ್ದಿತ್ತು. ಹಾಲ್‌ನ ಗೋಡೆಗಳೇನೂ ಬೀಳಲಿಲ್ಲ.

ಕೈ ತೊಳೆಯುವ ಕಡೆ ಇನ್ನೊಬ್ಬ ತಾಯಿ ನನ್ನ ಪಕ್ಕಕ್ಕೆ ಬಂದು ನಿಂತರು. ಸ್ಟ್ಯಾನ್‌ಮೋರ್‌ನವರೇ, ಒಳ್ಳೆಯ ರೇಷ್ಮೆ ಸೀರೆ ಉಟ್ಟವರು, ಅಷ್ಟಾಗಿ ಪರಿಚಯವಿರಲಿಲ್ಲ. ನಲ್ಲಿಯ ನೀರು ಬಿಟ್ಟುಕೊಂಡೇ ಪಿಸುಮಾತಿನಲ್ಲಿ, "ನಮ್ಮ ಚಿಕ್ಕ ಮಗಳಿಗೂ ಎರಡು ವರ್ಷದಿಂದ ಇದೆ. ಯಾರಿಗೂ ಹೇಳಿಲ್ಲ. ನಿಮ್ಮ ಮಗಳು ಅವಳ ಹತ್ರ ಒಂದ್ಸಲ ಮಾತಾಡ್ತಾಳಾ?" ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು. ನಾನು ಅವರ ಒದ್ದೆ ಕೈ ಹಿಡಿದುಕೊಂಡೆ. ಆ ಹುಡುಗಿಯರಿಬ್ಬರೂ ಹಾಲ್‌ನ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಮಾತಾಡಿದರು. ಏನು ಮಾತಾಡಿದರೆಂದು ನಾವಿಬ್ಬರೂ ಕೇಳಲಿಲ್ಲ.

ಹದಿನಾರಾದಾಗ ಭೂಗೋಳದ ತರಗತಿಯವರು ಐದು ದಿನದ ಪ್ರವಾಸಕ್ಕೆ ವೇಲ್ಸ್‌ನ ಸಮುದ್ರತೀರಕ್ಕೆ ಹೊರಟರು. ಬೆಟ್ಟ ಹತ್ತುವುದು, ಬಂಡೆಗಳ ಅಳತೆ ತೆಗೆಯುವುದು. ಅನುಮತಿಯ ಕಾಗದಕ್ಕೆ ಸಹಿ ಹಾಕಲು ನನಗೆ ಮೂರು ದಿನ ಬೇಕಾಯಿತು. ಟೀಚರಿಗೆ ಕೊಡಲೆಂದು ಮೂರು ಪುಟದ ಸೂಚನೆ ಬರೆದೆ. ಮಗಳು ಅದನ್ನು ತಾಳ್ಮೆಯಿಂದ ಓದಿ, ಮಡಚಿ ನನಗೇ ಕೊಟ್ಟು, ತಾನೇ ಅರ್ಧ ಪುಟ ಬರೆದಳು. ಇಬ್ಬರು ಗೆಳತಿಯರನ್ನು ಮನೆಗೆ ಕರೆಸಿ, ತನಗೆ ಸಕ್ಕರೆ ಇಳಿದರೆ ಹೇಗೆ ಕಾಣುತ್ತೇನೆ, ಗುಳಿಗೆ ಯಾವ ಜೇಬಿನಲ್ಲಿರುತ್ತದೆ ಎಂದು ತೋರಿಸಿಕೊಟ್ಟಳು. ಹೊರಡುವ ದಿನ, "ದಿನಾ ಒಂದ್ಸಲ ಫೋನ್ ಮಾಡವಾ," ಎಂದೆ. "ಇಲ್ಲ ಅವ್ವಾ. ಫೋನ್ ಬರಲಿಲ್ಲಂದ್ರ ನಾ ಆರಾಮ ಇದ್ದೀನಿ ಅಂತ ತಿಳ್ಕೋ," ಅಂದಳು. ಪ್ರವಾಸದ ಕೋಚ್ ಬಸ್ಸು ಹೊರಟಾಗ ಕೈ ಬೀಸಿದಳು. ಬಹಳ ಹೊತ್ತೇನೂ ಅಲ್ಲ.

ಆ ಐದು ದಿನ ನಾನು ಧೀರೆಯಂತೆ ಇದ್ದೆ ಎಂದು ಬರೆಯುವಂತಿಲ್ಲ. ಲೈಬ್ರರಿಯಲ್ಲಿ ತೋಟಗಾರಿಕೆಯ ಪುಸ್ತಕಗಳನ್ನೆಲ್ಲ ಕಾನೂನಿನ ಕಪಾಟಿನಲ್ಲಿಟ್ಟೆ. ಮನೆಯಲ್ಲಿ ಎಲ್ಲ ಡಬ್ಬಿಗಳನ್ನೂ ಇಳಿಸಿ ತೊಳೆದೆ. ಸಂಜೆ ಗಂಡ ಕಾಲುವೆಯ ದಂಡೆಗೆ ನಡೆಸಿಕೊಂಡು ಹೋಗಿ, ಬಾತುಕೋಳಿಗಳನ್ನು ತೋರಿಸಿ, ನನ್ನ ಕೈ ಹಿಡಿದುಕೊಂಡೇ ವಾಪಸು ಕರೆದುಕೊಂಡು ಬರುತ್ತಿದ್ದರು. ನಾಲ್ಕನೆಯ ದಿನ ತಡೆಯಲಾರದೆ ಮಕ್ಕಳು ಇಳಿದುಕೊಂಡಿದ್ದ ಹಾಸ್ಟೆಲಿಗೆ ಫೋನ್ ಮಾಡಿಯೇಬಿಟ್ಟೆ. ಅಲ್ಲಿನ ವಾರ್ಡನ್, ಮಕ್ಕಳೆಲ್ಲ ಬೀಚಿಗೆ ಹೋಗಿದ್ದಾರೆ, ಯಾರಿಗಾದರೂ ಏನಾದರೂ ಹೇಳಬೇಕಾ ಎಂದು ಕೇಳಿದರು. ಮಗಳ ಹೆಸರು ನಾಲಿಗೆಯ ತುದಿಗೆ ಬಂದಿತ್ತು. "ಬೇಡ," ಎಂದೆ. "ಅಲ್ಲಿ ಮಳೆ ಇದೆಯಾ ಅಂತ ಕೇಳೋಣ ಅಂತ." "ಇಲ್ಲ ಮೇಡಂ, ಚೆನ್ನಾಗಿ ಬಿಸಿಲಿದೆ," ಎಂದರು ಆ ಪುಣ್ಯಾತ್ಮ.

ಶುಕ್ರವಾರ ಮಧ್ಯಾಹ್ನ ಶಾಲೆಯ ಗೇಟಿನ ಮುಂದೆ ಕೋಚ್ ಬಂದು ನಿಂತಿತು. ಮಗಳು ಇಳಿಯುವ ಮೊದಲೇ ಟೀಚರ್ ಇಳಿದು ನನ್ನ ಹತ್ತಿರ ಬಂದರು. ಬುಧವಾರ ಬೆಟ್ಟದ ಮೇಲೆ ಅವಳಿಗೆ ಸಕ್ಕರೆ ಇಳಿದಿತ್ತಂತೆ. "ಕೈ ಎತ್ತಿ ಇಡೀ ಗುಂಪನ್ನು ನಿಲ್ಲಿಸಿದಳು. ಬಂಡೆಯ ಮೇಲೆ ಕೂತು, ಗುಳಿಗೆ ತಿಂದು, ಹದಿನೈದು ನಿಮಿಷ ಕಾದು, ಮತ್ತೆ ಚುಚ್ಚಿ ನೋಡಿ, ಈಗ ಹೋಗೋಣ ಅಂದಳು. ನಿಜ ಹೇಳಬೇಕೆಂದರೆ ಗಾಬರಿಯಾದದ್ದು ನನಗೆ. ಅವಳೇ ನನಗೆ ಧೈರ್ಯ ಹೇಳಿದಳು," ಎಂದರು.

ಅಷ್ಟರಲ್ಲಿ ಮಗಳು ಬಂದಳು. ಕೆಸರು ಮೆತ್ತಿದ ಬೂಟು, ಬಿಸಿಲಿಗೆ ಸುಲಿದ ಮೂಗು. ಟೀಚರ್ ಏನು ಹೇಳಿದರೆಂದು ಅವಳಿಗೆ ಗೊತ್ತಾಗಿತ್ತು. ನಾನು ಏನೆನ್ನುವೆನೋ ಎಂದು ಕಾಯುತ್ತಾ ನಿಂತಳು. ನಾನು ಅವಳ ಚೀಲದ ಒಂದು ಹಿಡಿ ಹಿಡಿದುಕೊಂಡೆ, ಇನ್ನೊಂದನ್ನು ಅವಳು ಹಿಡಿದಳು. ಇಬ್ಬರೂ ಮನೆಯ ಕಡೆ ನಡೆದೆವು.

ಆಮೇಲೆ ಎರಡು ವರ್ಷಕ್ಕೆ ಅವಳು ಲೀಡ್ಸ್‌ಗೆ ಓದಲು ಹೋದಳು, ಅಲ್ಲೇ ಕೆಲಸಕ್ಕೂ ಸೇರಿದಳು. ನನ್ನ ಭಯವೇನೂ ಹೋಗಲಿಲ್ಲ. ಅದನ್ನು ಹೊತ್ತುಕೊಳ್ಳಬೇಕಾದವಳು ನಾನು, ಅವಳಲ್ಲ ಎಂಬುದನ್ನು ಮಾತ್ರ ಕಲಿತೆ.

ಆ ಶುಕ್ರವಾರ ಮನೆಗೆ ಬಂದು, ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಅಡುಗೆಮನೆಗೆ ಬಂದು ಕೂತಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದೆ. ಅವಳು ತನ್ನ ಪಾಡಿಗೆ ಬೆರಳು ಚುಚ್ಚಿಕೊಂಡು ನೋಡಿ, ಇನ್ಸುಲಿನ್ ತೆಗೆದುಕೊಂಡಳು. ನಾನು ಹಂಚಿನ ಕಡೆ ತಿರುಗಿ ಇನ್ನೊಂದು ರೊಟ್ಟಿ ಬಡಿದೆ.

"ಸಮುದ್ರ ಹೆಂಗಿತ್ತು?" ಎಂದು ಕೇಳಿದೆ.

ಅವಳು ತುತ್ತು ಬಾಯಿಗಿಡುತ್ತಲೇ ಹೇಳತೊಡಗಿದಳು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ನೀರು ಬೆಳಿಗ್ಗೆ ಬೂದಿ ಬಣ್ಣ, ಮಧ್ಯಾಹ್ನ ಹಸಿರು. ಬಂಡೆಗಳ ನಡುವೆ ಸೀಲ್ ಮರಿಯೊಂದು ಮಲಗಿತ್ತಂತೆ, ದುಂಡಗೆ, ದಿಂಬಿನ ಹಾಗೆ. ಹತ್ತಿರ ಹೋಗಬಾರದೆಂದು ಎಲ್ಲರೂ ದೂರದಲ್ಲೇ ಹೊಟ್ಟೆಯ ಮೇಲೆ ಮಲಗಿ, ಉಸಿರು ಬಿಗಿಹಿಡಿದು ನೋಡಿದರಂತೆ. ಅದರ ತಾಯಿ ನೀರಿನಿಂದ ತಲೆ ಎತ್ತಿ ಒಮ್ಮೆ ಇವರನ್ನು ನೋಡಿತಂತೆ.

"ಆಮ್ಯಾಲ?" ಎಂದೆ, ರೊಟ್ಟಿ ಮಗುಚುತ್ತಾ.

"ಆಮ್ಯಾಲ ಏನಿಲ್ಲ, ಮುಳುಗಿ ಹೋತು," ಎಂದು ಅವಳು ಇನ್ನೊಂದು ರೊಟ್ಟಿಗೆ ತಟ್ಟೆ ಮುಂದೆ ಮಾಡಿದಳು.